ಹುಲಿ ಸವಾರಿಯ ಖರ್ಚು ಯಾರ ಖಾತೆಗೆ?

ಮಾದಪ್ಪನ ಕಥೆ ಕೇಳಿ ಬೆಳೆದವರ ಮುಂದೆ ‘ಒಬ್ಬ ಹುಲಿಯ ಮೇಲೆ ಕೂತು ಬಂದ’ ಎಂದು ಹೇಳಿ ನೋಡಿ. ಯಾರೂ ಕಣ್ಣರಳಿಸುವುದಿಲ್ಲ. ‘ಆ ಹುಲಿ ಯಾರ ದನ ತಿಂದ್ಕಂಡು ಇತ್ತು?’ ಎಂದು ಕೇಳುತ್ತಾರೆ. ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಅದ್ಭುತಕ್ಕೆ ಬರವಿಲ್ಲ. ಎಪ್ಪತ್ತೇಳು ಮಲೆಯಲ್ಲಿ ಹುಲಿಯೇರಿದ ಆ ಮಾದಪ್ಪ, ಅಂದರೆ ಮಾದೇಶ್ವರನಿದ್ದಾನೆ, ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಪವಾಡಗಳಿವೆ, ಸೋಲಿಗರ ಹೆಣ್ಣನ್ನು ಕಟ್ಟಿಕೊಂಡು ಆ ಕುಲಕ್ಕೆಲ್ಲ ಭಾವನಾದ ಬಿಳಿಗಿರಿರಂಗನಿದ್ದಾನೆ. ಇಂಥ ಕಡೆಯ ಓದುಗನ ಕೈಗೆ ಮಾಯಾಲೋಕದ ಕಾದಂಬರಿ ಕೊಟ್ಟರೆ ಬೆರಗಿಗಿಂತ ಮೊದಲು ತಕರಾರು ಹುಟ್ಟುತ್ತದೆ. ನನ್ನಲ್ಲೂ ಹುಟ್ಟಿತು. ಆದರೆ ಈಚೆಗೆ ಓದಿದ ಪುಸ್ತಕಗಳಲ್ಲಿ ಆ ತಕರಾರು ಕಟ್ಟುಕಥೆಗಳ ಮೇಲಷ್ಟೇ ನಿಲ್ಲಲಿಲ್ಲ. ನಡೆದದ್ದನ್ನೇ ಬರೆದಿದ್ದೇವೆ ಎನ್ನುವ ಪುಸ್ತಕಗಳ ಕಡೆಗೂ ತಿರುಗಿತು.

ಗುಂಡ್ಲುಪೇಟೆಯ ಒಂದು ಮಂಡಿಯಲ್ಲಿ ಕಿರ್ದಿ, ಖಾತೆ ಬರೆಯುವವನು ನಾನು. ಅರಿಸಿನ, ಸಣ್ಣ ಈರುಳ್ಳಿ, ಬೆಳ್ಳುಳ್ಳಿಯ ವ್ಯವಹಾರ. ಮಾಲು ಬರುವ ಕಾಲದಲ್ಲಿ ಊಟಕ್ಕೂ ಪುರುಸೊತ್ತಿರುವುದಿಲ್ಲ, ಬಾರದ ತಿಂಗಳುಗಳಲ್ಲಿ ಫ್ಯಾನಿನ ಕೆಳಗೆ ಕೂತು ಬೀದಿ ನೋಡುವ ಕೆಲಸ. ನನ್ನ ಓದೆಲ್ಲ ಆ ತಿಂಗಳುಗಳದ್ದು. ಮೈಸೂರಿನಲ್ಲಿ ಕಾಲೇಜು ಓದುವ ಮಗಳು ರಜೆ ಮುಗಿಸಿ ಹೋಗುವಾಗ ತನ್ನ ಇಂಗ್ಲಿಷ್ ಪುಸ್ತಕಗಳನ್ನು ಮನೆಯಲ್ಲಿ ಬಿಟ್ಟುಹೋಗುತ್ತಾಳೆ. ಕನ್ನಡದವು ನನ್ನವು. ಮನೆಯಲ್ಲಿ ಅವ್ವ ಇದ್ದಾಳೆ. ಅವಳಿಗೆ ಓದು ಬಾರದು, ಆದರೆ ಕಥೆಯೊಂದು ಎಲ್ಲಿ ಜಾರಿತು ಎಂದು ಹೇಳುವುದರಲ್ಲಿ ಅವಳಷ್ಟು ಗಟ್ಟಿಗರನ್ನು ನಾನು ಕಂಡಿಲ್ಲ.

ಖಾತೆ ಬರೆಯುವವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಜಮಾ ಕಂಡರೆ ಖರ್ಚು ಎಲ್ಲಿ ಎಂದು ಹುಡುಕುತ್ತಾನೆ. ಪುಸ್ತಕದಲ್ಲೂ ನಾನು ಅದನ್ನೇ ಹುಡುಕುತ್ತೇನೆ. ಪವಾಡ ನಡೆಯಿತು, ಆನೆ ಸೆರೆ ಸಿಕ್ಕಿತು, ಕಾಡು ಉಳಿಯಿತು, ಸರಿ. ಅದಕ್ಕೆ ಬೆಲೆ ತೆತ್ತವರು ಯಾರು, ಅವರ ಹೆಸರು ಈ ಪುಟಗಳಲ್ಲಿ ಇದೆಯೇ? ಕಾದಂಬರಿಯಾದರೆ ಕೇಳುವಂತಿಲ್ಲ, ಅನುಭವ ಕಥನವಾದರೆ ನಂಬಲೇಬೇಕು ಎನ್ನುವ ವಿಂಗಡಣೆಯಿಂದ ನನಗೆ ಏನೂ ಉಪಯೋಗವಾಗಿಲ್ಲ. ಎರಡಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ ಎಂಬುದು ನನ್ನ ವಾದ.

ಬೇಸರ ತಂದದ್ದನ್ನು ಮೊದಲು ಹೇಳಿಬಿಡುತ್ತೇನೆ. ಅಮೀಶ್ ತ್ರಿಪಾಠಿಯವರ ಮೆಲೂಹದ ಕಾದಂಬರಿ ಇಂಗ್ಲಿಷಿನಲ್ಲಿ 2010ರಲ್ಲಿ ಬಂತು, ಆಮೇಲೆ ಕನ್ನಡಕ್ಕೂ ಬಂತು. ಶಿವ ಇಲ್ಲಿ ಟಿಬೆಟ್ಟಿನ ಕಡೆಯ ಒಂದು ಬುಡಕಟ್ಟಿನ ನಾಯಕ. ಮೆಲೂಹಕ್ಕೆ ಬಂದು ಸೋಮರಸ ಕುಡಿಯುತ್ತಾನೆ, ಕಂಠ ನೀಲಿಯಾಗುತ್ತದೆ, ಜನ ಅವನನ್ನು ದೇವರೆಂದು ಕಾಯತೊಡಗುತ್ತಾರೆ. ಕಥೆಗೆ ಓಟವಿದೆ, ಇಲ್ಲ ಎನ್ನಲಾರೆ. ಆದರೆ ಸೋಮರಸದಿಂದ ಆಯುಸ್ಸು ಹೇಗೆ ಬೆಳೆಯುತ್ತದೆ ಎಂದು ವಿವರಿಸಲು ಬೃಹಸ್ಪತಿ ವಿಜ್ಞಾನಿಯ ಹಾಗೆ ನಿಂತು, ಆಮ್ಲಜನಕ ದೇಹದೊಳಗೆ ಏನೇನು ಮಾಡುತ್ತದೆ ಎಂಬ ಪಾಠ ತೆಗೆಯುತ್ತಾನೆ. ಅಲ್ಲಿಗೆ ನನ್ನ ಉತ್ಸಾಹ ಇಳಿಯಿತು. ಪುರಾಣದ ಗಂಟಲು ನೀಲಿಯಾದದ್ದು ಲೋಕದ ವಿಷವನ್ನು ತಾನು ನುಂಗಿದ್ದರಿಂದ. ಖರ್ಚು ಪೂರ್ತಿ ಶಿವನದು. ಇಲ್ಲಿ ಔಷಧಿ ಕುಡಿದು ನೀಲಿಯಾಗಿದೆ, ಅದೊಂದು ಗುರುತಿನ ಚೀಟಿ ಅಷ್ಟೆ. ಮಗಳು ಬಿಡಲಿಲ್ಲ. ‘ಮೂರೂ ಭಾಗ ಓದದೆ ಮಾತಾಡಬೇಡ ಅಪ್ಪ’ ಎಂದಳು. ಓದಿದೆ. ಮುಂದಿನ ಭಾಗಗಳಲ್ಲಿ ಸೋಮರಸ ತಯಾರಿಕೆಯ ಕೊಳೆ ಯಾವ ನದಿಗೆ ಹೋಗುತ್ತಿದೆ, ಕೆಳಗಿನ ಬ್ರಂಗದವರು ಯಾಕೆ ರೋಗದಲ್ಲಿ ನರಳುತ್ತಿದ್ದಾರೆ, ನಾಗರು ಯಾಕೆ ವಿಕಲಾಂಗರಾಗಿ ಹುಟ್ಟುತ್ತಾರೆ ಎಂಬ ಲೆಕ್ಕ ತೆರೆದುಕೊಳ್ಳುತ್ತದೆ. ಅದು ನಿಜಕ್ಕೂ ಒಳ್ಳೆಯ ತಿರುವು. ಇಷ್ಟು ಚೆನ್ನಾದ ಖರ್ಚಿನ ಪುಟ ಇಟ್ಟುಕೊಂಡವರು ಮೊದಲ ಭಾಗದಲ್ಲಿ ವಿಜ್ಞಾನದ ಪಾಠಕ್ಕೆ ಯಾಕೆ ಜಾಗ ಕೊಟ್ಟರೋ!

ಅವಳೇ ಬಿಟ್ಟುಹೋದ ಇನ್ನೊಂದು ಪುಸ್ತಕ ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’. 1968ರದ್ದು, ತೆಳ್ಳಗಿದೆ, ಇಂಗ್ಲಿಷ್ ಮಾತ್ರ ನನಗೆ ನಿಧಾನವಾಗಿ ಹತ್ತಿತು. ಗಾಂಟ್ ಎಂಬ ದ್ವೀಪದಲ್ಲಿ ಮೇಕೆ ಕಾಯುವ ಹುಡುಗನೊಬ್ಬ ಮಂತ್ರವಾದಿಯಾಗುವ ಕಥೆ. ಅವನ ಮೊದಲ ಗುರು ಓಗಿಯನ್ ಭೂಕಂಪವನ್ನೇ ತಡೆದವನೆಂದು ಹೆಸರಾದವನು. ಹುಡುಗ ಆಸೆಯಿಂದ ಹಿಂದೆ ಹೋಗುತ್ತಾನೆ, ನೋಡಿದರೆ ಗುರು ಏನೂ ಮಾಡುವುದಿಲ್ಲ. ಕಾಡಿನಲ್ಲಿ ನಡೆಯುತ್ತಾನೆ, ಸುಮ್ಮನಿರುತ್ತಾನೆ. ಮಳೆ ಬಂದರೆ ಮೋಡವನ್ನು ಆಚೆ ತಳ್ಳಲು ಯಾವ ಸಾಮಾನ್ಯ ಮಂತ್ರವಾದಿಗೂ ಬರುತ್ತದೆ. ಓಗಿಯನ್ ಮಾತ್ರ ಮರದಡಿ ಮಲಗಿ ನೆನೆಯುತ್ತಾನೆ.

ಈ ಜಾಗವನ್ನು ನಾನು ಅವ್ವನಿಗೆ ಹೇಳಿದೆ. ಗುಂಡ್ಲುಪೇಟೆ ಘಟ್ಟದ ಮಳೆನೆರಳಿನ ಊರು. ಅತ್ತ ವಯನಾಡಿನಲ್ಲಿ ಜಡಿ ಹಿಡಿದು ಹೊಡೆಯುತ್ತಿರುತ್ತದೆ, ಇತ್ತ ಮೋಡ ತಲೆ ಮೇಲೆ ಹಾದು ಹೋಗುತ್ತದೆ, ಹೊಲದವರು ಕತ್ತೆತ್ತಿ ನೋಡಿ ಮತ್ತೆ ಬಗ್ಗುತ್ತಾರೆ. ಮೋಡ ತಿರುಗಿಸುವ ಮಂತ್ರ ಅಂದರೆ ನಮಗೆ ತಮಾಷೆಯ ಮಾತಲ್ಲ. ಅವ್ವ ಕೇಳಿಸಿಕೊಂಡು, ‘ಮಂತ್ರ ಬತ್ತಿದ್ರೂವೆ ನೆಂದ್ಕಂಡು ಮನಗಿದ್ನ? ಬಲ್ಲಂವ ಕನ ಅವ. ಅವ ತಳ್ಳುದ್ರ ಆ ಮಳ ಇನ್ಯಾರ್ ಹೊಲ ಕೊಚ್ಕಂಡು ಹೋಗ್ತಿತ್ತೋ’ ಎಂದಳು. ಆ ಕಾದಂಬರಿಯ ಸಾರವನ್ನು ಪುಟ ತಿರುವದೆ ಹೇಳಿಬಿಟ್ಟಳು. ಮುಂದೆ ಹುಡುಗ ಗೆಡ್ ಮಂತ್ರಶಾಲೆಯಲ್ಲಿ ಜಂಬಕ್ಕೆ ಬಿದ್ದು ಸತ್ತವಳ ಆತ್ಮವನ್ನು ಕರೆಯುತ್ತಾನೆ, ಸೀಳಿನಿಂದ ಒಂದು ನೆರಳು ಹೊರಗೆ ಬೀಳುತ್ತದೆ, ಆ ಸೀಳನ್ನು ಮುಚ್ಚಲು ಹಿರಿಯ ಗುರು ಪ್ರಾಣ ಕೊಡುತ್ತಾನೆ. ಹುಡುಗನ ಮುಖದ ಮೇಲೆ ಉಳಿದ ಗಾಯದ ಕಲೆ ಕೊನೆಯವರೆಗೂ ಮಾಯುವುದಿಲ್ಲ. ಇಂಥ ಕಟ್ಟುಕಥೆಯನ್ನು ನಾನು ಕಣ್ಣು ಮುಚ್ಚಿ ನಂಬುತ್ತೇನೆ.

ಇದರಲ್ಲೂ ಒಂದು ಬಾಕಿ ಇತ್ತು, ಮಗಳು ಹಿಡಿದಳು. ಆ ಮಂತ್ರಶಾಲೆಯಲ್ಲಿ ಒಬ್ಬ ಹುಡುಗಿಯಿಲ್ಲ. ಹೆಂಗಸರ ಮಂತ್ರ ಎಂದರೆ ಕೀಳು ಎಂಬ ಮಾತು ಆ ಲೋಕದಲ್ಲಿ ಗಾದೆಯಂತೆ ಓಡಾಡುತ್ತದೆ. ಲೇಖಕಿಗೂ ಅದು ಕೊರೆದಿರಬೇಕು, 1990ರಲ್ಲಿ ‘ತೆಹಾನು’ ಬರೆದು ಅದೇ ದ್ವೀಪಕ್ಕೆ ವಾಪಸು ಬಂದರು. ಈ ಸಲ ಒಬ್ಬ ಹೊಲಗದ್ದೆಯ ವಿಧವೆಯ ಕಡೆಯಿಂದ, ಸುಟ್ಟ ಮುಖದ ಒಂದು ಮಗುವಿನ ಕಡೆಯಿಂದ.

ನಮ್ಮ ಕಡೆಯ ಕಥೆಯಲ್ಲಿ ಹೆಂಗಸಿನ ದನಿಗೆ ಅಷ್ಟು ಕಾಯಬೇಕಾಗಿರಲಿಲ್ಲ. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಮಲೆ ಮಾದೇಶ್ವರ ಕಾವ್ಯವನ್ನು ಕೇಶವನ್ ಪ್ರಸಾದ್ ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಅಚ್ಚು ಹಾಕಿತು. ಅದೇ ವರ್ಷ ನಮ್ಮದು ಮೈಸೂರಿನಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾಯಿತು. ಆ ಕಾವ್ಯದಲ್ಲಿ ಸಂಕಮ್ಮನ ಸಾಲು ಬರುತ್ತದೆ. ಗಂಡ ನೀಲಯ್ಯ ಕಾಡಿಗೆ ಹೋಗುವ ಮೊದಲು ಬಲಗೈ ಮೇಲೆ ಭಾಷೆ ಕೊಡು, ನಾನಿಲ್ಲದಾಗ ಕೆಡುವುದಿಲ್ಲ ಎನ್ನು ಎಂದು ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಹಿಂಸೆ ಕೊಡುತ್ತಾನೆ, ಆದರೂ ಕೊಡುವುದಿಲ್ಲ. ಮಾದಪ್ಪ ಜಂಗಮನಾಗಿ ಬಂದು ಅವಳನ್ನು ಬಿಡಿಸುತ್ತಾನೆ, ಮಕ್ಕಳಿಲ್ಲದವಳಿಗೆ ಮಕ್ಕಳ ವರ ಕೊಡುತ್ತಾನೆ. ಇಲ್ಲಿ ನೋಡಿ ಕಥೆ ಕಟ್ಟಿದವರ ಗಟ್ಟಿತನ: ಆ ವರವೇ ಅವಳ ಮೇಲಿನ ಹೊಸ ಅನುಮಾನ. ಗಂಡ ತಿರುಗಿ ಬಂದಾಗ ದೇವರು ಕೊಟ್ಟ ಮಕ್ಕಳೇ ಅವಳ ವಿರುದ್ಧ ಸಾಕ್ಷಿಯಾಗುತ್ತವೆ. ಮೇಲಾಗಿ ಆ ಮಕ್ಕಳನ್ನು, ಕಾರಯ್ಯ, ಬಿಲ್ಲಯ್ಯರನ್ನು, ಮಾದಪ್ಪ ತನ್ನ ಸೇವೆಗೆ ಕೇಳುತ್ತಾನೆ. ದೇವರ ದಾನವೂ ಪುಕ್ಕಟೆಯಲ್ಲ ಎಂದು ಎದುರಿಗೇ ಹಾಡುತ್ತಾರೆ, ಉಘೇ ಎನ್ನುತ್ತಾರೆ. ದೇವರನ್ನು ಹೊಗಳುತ್ತಲೇ ದೇವರ ಖಾತೆಯನ್ನೂ ತೋರಿಸುವ ಧೈರ್ಯ ಅದು.

ಹಾಗೆಂದು ಆ ಪುಸ್ತಕವನ್ನು ಸಲೀಸಾಗಿ ಓದಿದೆ ಎಂದರೆ ಅದು ಸುಳ್ಳು. ದೊಡ್ಡ ಗ್ರಂಥ. ದೇವರಗುಡ್ಡರ ಬಾಯಲ್ಲಿ ಕಂಸಾಳೆಯ ಜೊತೆ ಬರುವಾಗ ಪುನರಾವರ್ತನೆ ಉಸಿರಿನಂತೆ ಹೋಗುತ್ತದೆ, ಕಾಗದದ ಮೇಲೆ ಅದೇ ಸಾಲು ಮತ್ತೆ ಮತ್ತೆ ಕಂಡಾಗ ಕಣ್ಣು ಜಾರುತ್ತದೆ. ಎಷ್ಟೋ ಕಡೆ ನಾನು ಪುಸ್ತಕ ಮಡಿಚಿ ಅವ್ವನನ್ನು ಕೇಳಿ ಕಥೆ ಮುಂದುವರಿಸಿದ್ದೇನೆ. ಮಗಳ ವಯಸ್ಸಿನವರು ಈ ಗ್ರಂಥ ಎತ್ತಿಕೊಳ್ಳಲಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ವಿದ್ವಾಂಸರ ಪಠ್ಯ ಪಕ್ಕದಲ್ಲಿರಲಿ, ಹದಿನೈದರ ಹುಡುಗಿಯೊಬ್ಬಳು ಬಸ್ಸಿನಲ್ಲಿ ಕೂತು ಓದುವಂಥ ಸಂಕಮ್ಮನ ಪುಸ್ತಕ ಬೇಕು. ಭಕ್ತಿಯ ಚಿತ್ರಪುಸ್ತಕ ಬೇಡ, ಅದು ಬೆಟ್ಟದ ಅಂಗಡಿಗಳಲ್ಲಿ ಸಿಗುತ್ತದೆ.

ಈ ಹುಲಿಯ ದೇವರ ಬೆಟ್ಟದಲ್ಲೇ, ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ, 2025ರ ಜೂನಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಬಿದ್ದವು. ಹುಲಿ ಹಿಡಿದ ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ್ದರು. ಸುದ್ದಿ ಬಂದ ದಿನ ಅವ್ವ ಊಟ ಮಾಡಲಿಲ್ಲ. ಮಂಡಿಯಲ್ಲಿ ಮಾತ್ರ ಎರಡು ಪಕ್ಷವಾಯಿತು. ಮಾದಪ್ಪನ ವಾಹನಕ್ಕೇ ಹಿಂಗೆ ಮಾಡಿದರಲ್ಲ ಎಂದವರು ಕೆಲವರು. ಹಸು ಕಳೆದುಕೊಂಡವನ ಹೊಟ್ಟೆ ಯಾರು ನೋಡಿದರು ಎಂದವರು ಕೆಲವ‌ರು. ವಿಷ ಹಾಕಿದ್ದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಆದರೆ ಎರಡನೆಯ ಮಾತನ್ನು ಕೇಳಿಸಿಕೊಳ್ಳದ ಕಾಡಿನ ಪುಸ್ತಕವನ್ನೂ ಆ ದಿನದಿಂದ ಪೂರ್ತಿ ಒಪ್ಪಲಾಗುತ್ತಿಲ್ಲ.

ಕಾಡಿನ ಪುಸ್ತಕ ಎಂದರೆ ನಮ್ಮಲ್ಲಿ ಎಲ್ಲರ ಕೈಗೆ ಮೊದಲು ಬರುವುದು ತೇಜಸ್ವಿಯವರು ಕೆನೆತ್ ಆಂಡರ್ಸನ್‌ನನ್ನು ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’. ಆಂಡರ್ಸನ್ ಬೇಟೆಯ ಕಥೆಗಳಲ್ಲಿ ನಡೆದದ್ದೆಷ್ಟು, ಕಟ್ಟಿದ್ದೆಷ್ಟು ಎಂಬ ಚರ್ಚೆ ಹಳೆಯದು. ತೇಜಸ್ವಿಯವರ ಕನ್ನಡ ಅನುಮಾನಕ್ಕೆ ಎಡೆ ಕೊಡದಷ್ಟು ಚೆಂದ. ಹುಲಿಗೆ ಕಟ್ಟುವ ಕರುವನ್ನು ದುಡ್ಡು ಕೊಟ್ಟು ಕೊಂಡೆ ಎಂದು ಆಂಡರ್ಸನ್ ಬರೆಯುತ್ತಾನೆ, ಅಷ್ಟರಮಟ್ಟಿಗೆ ನನ್ನವನು. ಆದರೆ 2019ರ ಅಕ್ಟೋಬರಿನಲ್ಲಿ ನಮ್ಮ ತಾಲ್ಲೂಕಿನ ಚೌಡಹಳ್ಳಿಯ ಆಸುಪಾಸಿನಲ್ಲಿ ಇಬ್ಬರನ್ನು ಕೊಂದ ಹುಲಿಯನ್ನು ಸಾಕಾನೆಗಳ ನೆರವಿನಿಂದ ಹಿಡಿದು ಮೈಸೂರಿಗೆ ಸಾಗಿಸಿದ ಮೇಲೆ, ನರಭಕ್ಷಕನ ಕಥೆಯನ್ನು ರೋಮಾಂಚನಕ್ಕಾಗಿ ಓದುವುದು ನನ್ನಿಂದ ಆಗುತ್ತಿಲ್ಲ. ಪುಸ್ತಕದ ತಪ್ಪಲ್ಲ ಅದು.

ಅದಕ್ಕಿಂತ ಹಿಂದಿನ ಒಂದು ಪುಸ್ತಕ ನನ್ನನ್ನು ಹೆಚ್ಚು ಕಾಡಿತು. ಜಿ.ಪಿ. ಸ್ಯಾಂಡರ್ಸನ್ 1864ರಲ್ಲಿ ಮೈಸೂರು ಸೀಮೆಗೆ ಬಂದು ನಾಲೆಗಳ ಉಸ್ತುವಾರಿ ನೋಡಿಕೊಂಡಿದ್ದವನು. ಚಾಮರಾಜನಗರದಿಂದ ಹೆಚ್ಚು ದೂರವಿಲ್ಲದ, ಬಿಳಿಗಿರಿರಂಗನ ಬೆಟ್ಟದ ಕೆಳಗಿನ ಒಂದು ಊರಿನಲ್ಲಿ ಬಂಗಲೆ ಕಟ್ಟಿಕೊಂಡು ಅದನ್ನು ‘ಮೋರ್ಲೆ’ ಎಂದು ಬರೆದುಕೊಂಡ. 1878ರಲ್ಲಿ ಅವನ ‘ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ ಪ್ರಕಟವಾಯಿತು. ಹಕ್ಕುಸ್ವಾಮ್ಯ ಎಂದೋ ಮುಗಿದ ಪುಸ್ತಕ, ಫೋನಿನಲ್ಲೇ ಓದಿಕೊಂಡೆ. ನೀವು ದಿನಾ ಬಸ್ಸಿನಲ್ಲಿ ಹಾದುಹೋಗುವ ನೆಲ ಪರಕೀಯನೊಬ್ಬನ ಕಾಗುಣಿತದಲ್ಲಿ ಎದುರಾದಾಗ ಆಗುವ ಖುಷಿಯೇ ಬೇರೆ. ಅವನು ‘ಐಯೆನ್‌ಪೂರ್’ ಎಂದು ಬರೆಯುವ ಊರಿನ ಕಡೆ ಜನರನ್ನು ಹಿಡಿಯುತ್ತಿದ್ದ ಹೆಣ್ಣು ಹುಲಿ ಬರುತ್ತದೆ, ‘ಡಾನ್’ ಎಂದು ಹೆಸರಿಟ್ಟ ಇನ್ನೊಂದು ದನಗಳ್ಳ ಹುಲಿ ಬರುತ್ತದೆ, ಹಳ್ಳಿಯವರೆಲ್ಲ ಸೇರಿ ಬಲೆ ಕಟ್ಟಿ ಹುಲಿಯನ್ನು ಸುತ್ತುವ ಬಗೆ ಬರುತ್ತದೆ. 1874ರಲ್ಲಿ ಹೊನ್ನುಹೊಳೆಯ ದಡದಲ್ಲಿ ಕಂದಕ ತೋಡಿಸಿ 50ಕ್ಕೂ ಹೆಚ್ಚು ಆನೆಗಳ ಹಿಂಡನ್ನು ಖೆಡ್ಡಾಕ್ಕೆ ಕೆಡವಿದ ಕಥೆಯಂತೂ ಒಂದೇ ಏಟಿಗೆ ಓದಿಸಿಕೊಂಡು ಹೋಗುತ್ತದೆ.

ಸ್ಯಾಂಡರ್ಸನ್ ನನ್ನ ಮನಸ್ಸಿಗೆ ಹತ್ತಿರವಾದದ್ದು ಒಂದು ಕಾರಣಕ್ಕೆ: ಅವನು ಲೆಕ್ಕ ಬರೆಯುತ್ತಾನೆ. ಆನೆ ಹಿಡಿಯಲು ಸರ್ಕಾರ ಹೂಡಿದ್ದೆಷ್ಟು, ಮಾರಿ ಬಂದದ್ದೆಷ್ಟು, ಉಳಿದದ್ದೆಷ್ಟು ಎಂದು ಹೇಳುತ್ತಾನೆ. ಜಾಡು ಹಿಡಿಯುವ ಸೋಲಿಗರ, ಕುರುಬರ ಜಾಣತನವನ್ನು ಮನಸಾರೆ ಹೊಗಳುತ್ತಾನೆ, ಕೆಲವರನ್ನು ಹೆಸರು ಹಿಡಿದೇ ಕರೆಯುತ್ತಾನೆ. ಆ ಕಾಲದ ಎಷ್ಟೋ ದೊರೆಗಳು ಅಷ್ಟು ಮಾಡಲಿಲ್ಲ. ಆದರೂ ಅವನ ಖಾತೆಯಲ್ಲಿ ಆನೆ ಬರೀ ಜಮಾ. ಹಿಂಡು ಒಡೆದು ಹೋದದ್ದು, ತಾಯಿ ಒಂದು ಕಡೆ, ಮರಿ ಒಂದು ಕಡೆ ಹರಾಜಾದದ್ದು ಖರ್ಚಿನ ಕಡೆ ಏರುವುದಿಲ್ಲ. ಕಂದಕ ತೋಡಿದ, ರಾತ್ರಿಯಿಡೀ ಬೆಂಕಿ ಹಾಕಿಕೊಂಡು ಕಾವಲು ಕೂತ ನೂರಾರು ಜನ ಪುಸ್ತಕದಲ್ಲಿ ಗುಂಪಾಗಿಯೇ ಉಳಿಯುತ್ತಾರೆ. ಇದನ್ನು ಓದಿ ಕೋಪ ಬಂತೇ ಎಂದರೆ, ಇಲ್ಲ. 1878ರವನ ಮೇಲೆ ಈಗಿನ ಕೋಪ ತೋರಿಸುವುದು ಸುಲಭದ ಕೆಲಸ. ಒಳ್ಳೆಯ ಲೆಕ್ಕಿಗನೂ ಒಂದು ಕಾಲಮ್ಮನ್ನು ಎಷ್ಟು ಸಹಜವಾಗಿ ಖಾಲಿ ಬಿಡುತ್ತಾನೆ ಎಂದು ದಿಗಿಲಾಯಿತು, ಅಷ್ಟೆ.

ಇನ್ನೊಂದು ಸ್ವಾರಸ್ಯವಿದೆ. ಕಿಪ್ಲಿಂಗ್‌ನ ‘ದಿ ಜಂಗಲ್ ಬುಕ್’ 1894ರಲ್ಲಿ ಬಂತು. ಅದರಲ್ಲಿ ಆನೆಗಳ ತೂಮಾಯಿ ಎಂಬ ಹುಡುಗನ ಕಥೆಯಿದೆ, ಆನೆ ಹಿಡಿಸುವ ಪೀಟರ್ಸನ್ ಸಾಹೇಬನಿದ್ದಾನೆ. ಆ ಸಾಹೇಬನಿಗೆ ಮಾದರಿ ನಮ್ಮ ಚಾಮರಾಜನಗರದ ಸ್ಯಾಂಡರ್ಸನ್ ಎಂಬುದು ಬಹಳ ಕಾಲದಿಂದ ಓಡಾಡುವ ಮಾತು. ಕಿಪ್ಲಿಂಗ್‌ನ ಕಥೆಯಲ್ಲಿ ಹುಡುಗ ರಾತ್ರಿ ಆನೆಯ ಬೆನ್ನೇರಿ ಹೋಗಿ, ಕಾಡಿನ ನಡುವೆ ಆನೆಗಳು ಸೇರಿ ಕುಣಿಯುವುದನ್ನು ನೋಡಿ ಬರುತ್ತಾನೆ. ಸ್ಯಾಂಡರ್ಸನ್ ಇದನ್ನು ಓದಿದ್ದರೆ ನಗುತ್ತಿದ್ದನೇನೋ, ಅಷ್ಟರಲ್ಲಿ ಅವನು ತೀರಿಕೊಂಡಿದ್ದ. ಆನೆಯ ಬುದ್ಧಿಯ ಬಗ್ಗೆ ಜನ ಹೇಳುವುದೆಲ್ಲ ಅತಿಶಯ, ಅದರ ದೊಡ್ಡ ಗುಣ ವಿಧೇಯತೆ ಮತ್ತು ತಾಳ್ಮೆ ಎಂದು ಅವನು ಖಡಾಖಂಡಿತವಾಗಿ ಬರೆದಿದ್ದಾನೆ. ಈಗ ನನ್ನ ಪೇಚು ನೋಡಿ. ಸರಪಳಿ ಹಾಕಿಸಿಕೊಂಡು ನಿಂತ ಆನೆಗೂ ತನ್ನದೇ ಒಂದು ರಾತ್ರಿ ಇದೆ, ಅಲ್ಲಿಗೆ ಸಾಹೇಬನಿಗೆ ಪ್ರವೇಶವಿಲ್ಲ ಎಂದು ಕಿಪ್ಲಿಂಗ್‌ನ ಹಸಿ ಸುಳ್ಳು ಹೇಳುತ್ತದೆ. ಹದಿಮೂರು ವರ್ಷ ಕಣ್ಣಾರೆ ಕಂಡು ಬರೆದವನ ನಿಜದಲ್ಲಿ ಆ ಸಾಲು ಇಲ್ಲ. ಬಿಟ್ಟುಹೋದ ಕಾಲಮ್ಮನ್ನು ತುಂಬಿದ್ದು ಕಟ್ಟುಕಥೆ. ಆನೆ ಕುಣಿಯುವುದಿಲ್ಲ ಎಂದು ಗೊತ್ತಿದ್ದೂ ನಾನು ಕಿಪ್ಲಿಂಗ್‌ನ ಪಕ್ಷಕ್ಕೆ ವಾಲಿದೆ. ಅವನ ಉಳಿದ ರಾಜಕೀಯಕ್ಕೆ ನನ್ನ ವಕಾಲತ್ತಿಲ್ಲ.

ಈಚಿನವರಲ್ಲಿ ನನಗೆ ತೀರಾ ಇಷ್ಟವಾದವರು ಕೃಪಾಕರ ಮತ್ತು ಸೇನಾನಿ. ‘ಕೆನ್ನಾಯಿಯ ಜಾಡಿನಲ್ಲಿ’ ನಮ್ಮ ಕಡೆಯ ಕಾಡಿನ ಪುಸ್ತಕ. ಸೀಳುನಾಯಿಗಳನ್ನು ಜನ ಹಿಂದೆ ಕ್ರೂರಿಗಳೆಂದು ಕೊಲ್ಲುತ್ತಿದ್ದರು, ಕೊಂದವರಿಗೆ ಇನಾಮೂ ಸಿಗುತ್ತಿತ್ತು. ಅಂಥ ಪ್ರಾಣಿಯ ಹಿಂದೆ ವರ್ಷಗಟ್ಟಲೆ ಅಲೆದು, ಅದರ ಸಂಸಾರವನ್ನು ನಮ್ಮ ಕಣ್ಣಿಗೆ ಕಟ್ಟಿದವರು ಇವರು. ಪ್ರಾಣಿಯ ಪಕ್ಕದಲ್ಲೇ ಕಾಡಂಚಿನ ಮನುಷ್ಯರೂ ಬಂದು ಕೂರುತ್ತಾರೆ, ಅವರ ಮಾತು ಕೇಳುತ್ತದೆ, ನಗುವೂ ಬರುತ್ತದೆ. ಹಾಸ್ಯ ಬಲ್ಲ ಕಾಡಿನ ಪುಸ್ತಕ ಅಪರೂಪ. ದಿನಾ ನೋಡುವ ಊರಿನ ಪಕ್ಕ ಇಷ್ಟೆಲ್ಲ ನಡೆಯುತ್ತಿತ್ತೇ ಎಂದು ಬೆರಗಾದೆ. ಮಾಯಾಲೋಕದ ಕಾದಂಬರಿ ಮಾಡಬೇಕಾದ ಕೆಲಸ ಇದೇ ಅಲ್ಲವೇ?

ಅವರದೇ ಇನ್ನೊಂದು ಪುಸ್ತಕದ ವಿಷಯದಲ್ಲಿ ನಾನು ಇಷ್ಟು ನಿರಾಳನಲ್ಲ. 1997ರಲ್ಲಿ ಕಾಡುಗಳ್ಳ ವೀರಪ್ಪನ್ ಇವರಿಬ್ಬರನ್ನು ಬಂಡೀಪುರದಿಂದ ಒತ್ತೆಯಾಗಿ ಕೊಂಡೊಯ್ದ. ಸರ್ಕಾರದ ದೊಡ್ಡ ಅಧಿಕಾರಿಗಳೆಂದು ತಪ್ಪು ತಿಳಿದಿದ್ದ. ಅವನ ಜೊತೆ ಕಾಡಿನಲ್ಲಿ ಕಳೆದ ಹದಿನಾಲ್ಕು ದಿನಗಳನ್ನು ಇಬ್ಬರೂ ಸೇರಿ ಬರೆದರು. ಸಾವು ಮಗ್ಗುಲಲ್ಲಿ ಕೂತಿರುವಾಗ ಹಕ್ಕಿ, ಪ್ರಾಣಿಗಳ ಬಗ್ಗೆ ಕಳ್ಳನ ಜೊತೆ ಹರಟುವ ಭಾಗಗಳನ್ನು ಓದಿ ಬಿದ್ದು ಬಿದ್ದು ನಕ್ಕಿದ್ದೇನೆ. ಮನುಷ್ಯನನ್ನು ರಾಕ್ಷಸನನ್ನಾಗಿಯೂ ಮಾಡದೆ, ನಾಯಕನನ್ನಾಗಿಯೂ ಮಾಡದೆ ನೋಡುವುದು ಸುಲಭವಲ್ಲ. ಇವರು ಮಾಡಿದ್ದಾರೆ. ಪುಸ್ತಕ ಮುಗಿಸಿದ ಮೇಲೆ ಮಾತ್ರ ಆ ನಗುವಿನ ಪಕ್ಕ ಬೇರೆ ಹೆಸರುಗಳು ಬಂದು ನಿಂತವು. 1991ರಲ್ಲಿ ವೀರಪ್ಪನ್ ಕೈಯಲ್ಲಿ ಹತರಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಅವರ ಚಿತ್ರ ಇಂದಿಗೂ ಗೋಪಿನಾಥಂನ ಮಾರಮ್ಮನ ಗುಡಿಯಲ್ಲಿದೆ. 1993ರಲ್ಲಿ ಪಾಲಾರ್ ಬಳಿ ನೆಲಬಾಂಬಿಗೆ ಸಿಕ್ಕವರು. 2002ರಲ್ಲಿ ಕಾಮಗೆರೆಯಿಂದ ಒಯ್ದು ಹೆಣವಾಗಿ ಸಿಕ್ಕ ಮಾಜಿ ಸಚಿವ ಎಚ್. ನಾಗಪ್ಪ. ಇತ್ತ ವೀರಪ್ಪನ್‌ನನ್ನು ಹಿಡಿಯಲು ಬಂದ ಕಾರ್ಯಪಡೆಯ ಕೈಗೆ ಸಿಕ್ಕು ಚಿತ್ರಹಿಂಸೆ ಅನುಭವಿಸಿದ ಮಲೆಯ ಹಳ್ಳಿಗರು, ಅವರ ದೂರು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನೇ ನೇಮಿಸಬೇಕಾಯಿತು. ಇದೆಲ್ಲ ಆ ಪುಸ್ತಕದ ಜವಾಬ್ದಾರಿಯಲ್ಲ ಎಂದು ನನಗೆ ಗೊತ್ತು. ಇಬ್ಬರು ತಮ್ಮ ಹದಿನಾಲ್ಕು ದಿನಗಳನ್ನು ಪ್ರಾಮಾಣಿಕವಾಗಿ ಬರೆದಿದ್ದಾರೆ. ತಕರಾರು ನಮ್ಮ ಓದುಗರ ಮೇಲೆ. ವೀರಪ್ಪನ್ ಕಥೆ ಎಂದರೆ ಮುಗಿಬೀಳುವ ನಾವು ಆ ಹಳ್ಳಿಗಳ ಹೆಂಗಸರ ಮಾತಿನ ಪುಸ್ತಕ ಕೊಡಿ ಎಂದು ಅಂಗಡಿಯಲ್ಲಿ ಕೇಳಿದ್ದುಂಟೇ?

ಬಂಡೀಪುರದ ವಿಷಯ ಬಂದಾಗ ನನ್ನ ಸ್ವಂತ ಖಾತೆಯನ್ನೂ ತೋರಿಸಬೇಕು. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಬಂದ್. ಕೇರಳಕ್ಕೆ ಹೋಗಬೇಕಾದ ಈರುಳ್ಳಿ ಲಾರಿ ತಡವಾದರೆ ಮದ್ದೂರು ಚೆಕ್‌ಪೋಸ್ಟ್ ಹತ್ತಿರ ರಾತ್ರಿ ಕಳೆಯುತ್ತದೆ, ಮಾಲು ಬಾಡುತ್ತದೆ, ದರ ಬೀಳುತ್ತದೆ, ಅದನ್ನು ಬರೆದುಕೊಳ್ಳುವವನು ನಾನೇ. ಆದರೂ ಆ ಆದೇಶ ಸರಿ ಎಂದು ನನ್ನ ಅಭಿಪ್ರಾಯ, ಮಂಡಿಯಲ್ಲಿ ಇದನ್ನು ಹೇಳಿ ಬೈಸಿಕೊಂಡಿದ್ದೇನೆ. ಬಂಡೀಪುರ ಉಳಿದ ಕಥೆ ಬರೆಯುವವರು ಆ ಲಾರಿ ಡ್ರೈವರನ ರಾತ್ರಿಯನ್ನೂ ಅರ್ಧ ಪುಟ ಬರೆದರೆ ಕಾಡಿನ ಮರ್ಯಾದೆ ಏನೂ ಕಡಿಮೆಯಾಗದು.

ಕೆ.ಎನ್. ಗಣೇಶಯ್ಯನವರನ್ನು ಇಲ್ಲಿ ಎಲ್ಲಿ ಇಡಲಿ ಎಂದು ತಿಳಿಯುತ್ತಿಲ್ಲ. ‘ಕರಿಸಿರಿಯಾನ’ದಲ್ಲಿ ವಿಜಯನಗರದ ಸಂಪತ್ತು ಆನೆಗಳ ಮೇಲೆ ಹೊರಟುಹೋದ ಜಾಡು ಹಿಡಿದು ಓಡುತ್ತಾರೆ, ಆಧಾರ ಗ್ರಂಥಗಳ ಪಟ್ಟಿಯನ್ನೂ ಜೊತೆಗೆ ಕೊಡುತ್ತಾರೆ. ಓದಲು ಮಜಾ ಇದೆ. ಆದರೆ ರೋಚಕ ಕಾದಂಬರಿಗೆ ಅಷ್ಟೊಂದು ರಸೀದಿ ಯಾಕೆ? ಕಥೆ ತನ್ನ ಕಾಲ ಮೇಲೆ ತಾನೇ ನಿಲ್ಲುವಷ್ಟು ಚೆನ್ನಾಗಿದ್ದಾಗ ಅವು ನನಗೆ ಅಡ್ಡ ಬಂದವು. ಇದಕ್ಕೆ ಎದುರಾಗಿ ದೇವನೂರ ಮಹಾದೇವರ ‘ಕುಸುಮಬಾಲೆ’. ನಂಜನಗೂಡಿನ ಕಡೆಯ ಮಾತಿನಲ್ಲಿ, 1984ರಲ್ಲೇ, ರಾತ್ರಿ ಮನೆಮನೆಯ ದೀಪದ ಜೋತಮ್ಮಗಳನ್ನು ಒಂದೆಡೆ ಕೂರಿಸಿ ಮಾತಾಡಿಸಿದರು, ಮಂಚದ ಬಾಯಲ್ಲಿ ಕಥೆ ಹೇಳಿಸಿದರು. ಯಾವ ರಸೀದಿಯನ್ನೂ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಕೊಲೆಯಾದ ಒಬ್ಬ ಹುಡುಗನ ಸಾಲ ಆ ಪುಸ್ತಕದ ಪ್ರತಿ ಪುಟದ ಮೇಲೂ ಇದೆ. ಮಗಳಿಗೆ ಓದಲು ಕೊಟ್ಟೆ. ಮೈಸೂರು ಸೇರಿದವಳಿಗೆ ನಮ್ಮ ಆಡುಮಾತೇ ತೊಡಕಾಯಿತು, ಇಂಗ್ಲಿಷಿನ ಡ್ರ್ಯಾಗನ್ ಮಾತ್ರ ಸಲೀಸು! ಅವಳು ಅಜ್ಜಿಯ ಪಕ್ಕ ಕೂತು ಗಟ್ಟಿಯಾಗಿ ಓದಿದಾಗ ದಾರಿ ಸಿಕ್ಕಿತು.

ಕೇಳಿಕೊಳ್ಳುವುದು ಒಂದಿದೆ. ಸ್ಯಾಂಡರ್ಸನ್ ಪುಸ್ತಕವನ್ನು ನನಗೆ ಸೋಲಿಗ ಹಿರಿಯರ ಟಿಪ್ಪಣಿಗಳೊಂದಿಗೆ ಕನ್ನಡದಲ್ಲಿ ಓದಬೇಕಿದೆ. ಅವನು ಇಂಗ್ಲಿಷ್ ಕಿವಿಯಲ್ಲಿ ಕೇಳಿ ತಿರುಚಿ ಬರೆದ ಊರು, ಹಳ್ಳ, ಗುಡ್ಡಗಳ ಹೆಸರನ್ನು ಸರಿಪಡಿಸಬಲ್ಲವರು ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಪುಣಜನೂರಿನ ಕಡೆ ಇದ್ದಾರೆ. ಜಾಡು ಹಿಡಿದವರ ಮಕ್ಕಳ ಮೊಮ್ಮಕ್ಕಳು ಯಾರೆಂದೂ ಅವರಿಗೆ ಗೊತ್ತಿರಬಹುದು. ಯಾವುದಾದರೂ ವಿಶ್ವವಿದ್ಯಾಲಯವೋ ಅಕಾಡೆಮಿಯೋ ಈ ಕೆಲಸ ಎತ್ತಿಕೊಂಡರೆ ಆ ಹಿರಿಯರನ್ನು ಮಾಹಿತಿ ಕೊಟ್ಟವರೆಂದು ಕೊನೆಯ ಪುಟದ ಕೃತಜ್ಞತೆಯಲ್ಲಿ ಸೇರಿಸಿ ಕೈತೊಳೆದುಕೊಳ್ಳಬಾರದು. ಕೂತ ದಿನಕ್ಕೆ ಕೂಲಿ ಕೊಡಬೇಕು, ಅನುವಾದಕರ ಹೆಸರಿನ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ರಕ್ಷಾಪುಟದ ಮೇಲೆ ಅವರ ಹೆಸರು ಅಚ್ಚಾಗಬೇಕು. ಪುಸ್ತಕ ಮಾರಿ ಬಂದ ಹಣದ ಪಾಲು ಹೇಗೆ ಎಂಬುದನ್ನು ಬೇಕಾದರೆ ಬಂದು ಕೇಳಲಿ, ಬರೆದು ಕೊಡುತ್ತೇನೆ.